ಫಿಟ್ಸ್‌ಗೆ ಎರಡನೇ ಮಾತ್ರೆ ಬರೆದುಕೊಟ್ಟಾಗ

ನನ್ನ ತಮ್ಮನಿಗೆ ಹನ್ನೊಂದು ವರ್ಷದಿಂದ ಫಿಟ್ಸ್ ಇದೆ. ನೆಲಕ್ಕೆ ಬಿದ್ದು ಕೈಕಾಲು ಅದುರುವುದು ವರ್ಷಕ್ಕೆ ಒಂದೋ ಎರಡೋ ಸಲ, ಅಷ್ಟೇ. ಉಳಿದ ಸಲ ಬರುವುದು ಬೇರೆ ಥರದ್ದು. ಹೊಟ್ಟೆಯೊಳಗಿಂದ ಏನೋ ಎದೆಗೆ ಏರಿದ ಹಾಗಾಗುತ್ತದೆ, ಮಾತು ನಿಲ್ಲುತ್ತದೆ, ಬಾಯಿ ಚಪ್ಪರಿಸುತ್ತಾ ಅಂಗಿಯ ಗುಂಡಿ ತಡಕುತ್ತಾನೆ, ಕರೆದರೆ ಓಗೊಡುವುದಿಲ್ಲ. ಒಂದೂವರೆ ನಿಮಿಷ ಕಳೆದ ಮೇಲೆ ಅವನಿಗೆ ಅದರ ನೆನಪೂ ಇರುವುದಿಲ್ಲ. ಕಾರ್ಬಮಜೆಪಿನ್ ಅನ್ನುವ ಫಿಟ್ಸ್ ಮಾತ್ರೆ ಒಳ್ಳೆಯ ಡೋಸ್‌ನಲ್ಲೇ ನಡೆಯುತ್ತಿತ್ತು, ಆದರೂ ತಿಂಗಳಿಗೆ ಮೂರು ನಾಲ್ಕು ಸಲ ಹೀಗಾಗುತ್ತಿತ್ತು. ಕೊನೆಗೆ ಡಾಕ್ಟರು ಚೀಟಿಯಲ್ಲಿ ಇನ್ನೊಂದು ಮಾತ್ರೆ ಸೇರಿಸಿದರು.

ಮೆಡಿಕಲ್ ಶಾಪಿನಿಂದ ಅದನ್ನು ತಂದು ದಿನಾ ನುಂಗಿಸಿದರೆ ನಮ್ಮ ಕೆಲಸ ಮುಗಿಯಿತು ಅಂತ ಆವತ್ತು ಅಂದುಕೊಂಡಿದ್ದೆವು. ಮುಗಿದಿರಲಿಲ್ಲ. ಎರಡನೇ ಮಾತ್ರೆ ಹಿಡಿಯಿತೋ ಇಲ್ಲವೋ, ಎಲ್ಲಿಯವರೆಗೆ ಏರಿಸಬೇಕು, ಹಳೆಯದನ್ನು ಇಳಿಸಬೇಕೋ ಬೇಡವೋ, ಇದನ್ನೆಲ್ಲ ಡಾಕ್ಟರು ತೀರ್ಮಾನಿಸುವುದು ಮನೆಯವರು ಎಣಿಸಿ ಬರೆದಿಟ್ಟದ್ದನ್ನು ನೋಡಿ. ಎಣಿಸದೇ ಹೋದರೆ ಅವರೂ ಅಂದಾಜಿನ ಮೇಲೆ ಹೋಗಬೇಕಾಗುತ್ತದೆ. ನಾವು ಇದನ್ನು ಕಲಿಯುವಷ್ಟರಲ್ಲಿ ಎರಡು ವರ್ಷ ಹೋಯಿತು. ನಿಮಗೆ ಅಷ್ಟು ಹೋಗಬಾರದು.

ನಾನು ಡಾಕ್ಟರ್ ಅಲ್ಲ. ಇಲ್ಲಿರುವ ಮಿಲಿಗ್ರಾಂ ಲೆಕ್ಕ ನಿಮ್ಮ ಡಾಕ್ಟರ ಜೊತೆ ಮಾತಾಡುವಾಗ ಉಪಯೋಗಕ್ಕೆ ಬರಲಿ ಅಂತ. ನೀವೇ ಏರಿಸಲು, ಇಳಿಸಲು ಅಲ್ಲ. ಬರೆದಿರುವುದೆಲ್ಲ ದೊಡ್ಡವರ ವಿಷಯ, ಮಕ್ಕಳ ಲೆಕ್ಕವೇ ಬೇರೆ.

ಸೇರಿಸುವ ಮುಂಚೆ

ತಮ್ಮನದು ಫೋಕಲ್ ಎಪಿಲೆಪ್ಸಿ, ಅಂದರೆ ಮೆದುಳಿನ ಒಂದು ಜಾಗದಲ್ಲಿ ಶುರುವಾಗುವ ಫಿಟ್ಸ್. ಅಲ್ಲೇ ನಿಲ್ಲಬಹುದು, ಇಡೀ ಮೆದುಳಿಗೆ ಹರಡಿ ಮನುಷ್ಯ ಬೀಳಲೂಬಹುದು. ತಲೆಗೆ ಬಿದ್ದ ಏಟು, ಸ್ಟ್ರೋಕ್, ಗಡ್ಡೆ, ಹುಟ್ಟಿದಾಗಿನ ತೊಂದರೆ, ಹೀಗೆ ಕಾರಣ ಹಲವು. ನಮ್ಮ ದೇಶದಲ್ಲಿ ಲಾಡಿಹುಳುವಿನ ಮರಿ ಮೆದುಳಿನಲ್ಲಿ ಕೂತು ಸತ್ತು ಸುಣ್ಣಗಟ್ಟಿದ ಚುಕ್ಕೆಯೂ ಒಂದು ದೊಡ್ಡ ಕಾರಣ.

ಮೊದಲ ಮಾತ್ರೆ ಸೋತಿತು ಅನ್ನುವ ಮುಂಚೆ, ಅದನ್ನು ಸರಿಯಾಗಿ ಕೊಟ್ಟಿದ್ದೆವಾ ಅಂತ ಕೇಳಿಕೊಳ್ಳಿ. ಪ್ರಾಮಾಣಿಕವಾಗಿ. ವಾರಕ್ಕೆ ಎಷ್ಟು ಡೋಸ್ ತಪ್ಪುತ್ತದೆ? ಮಾತ್ರೆ ಎಣಿಸಿ ನೋಡಿದರೆ ಗೊತ್ತಾಗುತ್ತದೆ. ಮೂವತ್ತು ದಿನಕ್ಕೆ ಅಂತ ತಂದ ಸ್ಟ್ರಿಪ್‌ನಲ್ಲಿ ಮೂವತ್ತೈದನೇ ದಿನವೂ ಮಾತ್ರೆ ಉಳಿದಿದ್ದರೆ ಉತ್ತರ ಅಲ್ಲೇ ಇದೆ. ಬೈಯಬೇಡಿ, ಕಾರಣ ಹುಡುಕಿ. ನಮ್ಮ ಕಡೆ ಒಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಾದ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಕಾಯಿಲೆ ಮುಚ್ಚಿಟ್ಟು, ಬಚ್ಚಲಿನಲ್ಲೋ ಅಡುಗೆಮನೆ ಡಬ್ಬಿಯ ಹಿಂದೆಯೋ ಮಾತ್ರೆ ಅಡಗಿಸಿ, ಯಾರಾದರೂ ಇದ್ದಾಗ ನುಂಗದೆ ಬಿಟ್ಟುಬಿಡುತ್ತಾರೆ. ಅವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವೂ ಮದುವೆಗೆ ಅಡ್ಡಿಯಾಗುವ ಕಾರಣಗಳಲ್ಲಿ ಒಂದಾಗಿತ್ತು, ಆ ಮಾತನ್ನು ತೆಗೆದುಹಾಕಿದ್ದು 1999ರಲ್ಲಿ. ಕಾನೂನು ಬದಲಾಗಿ ಇಷ್ಟು ವರ್ಷವಾದರೂ ಮನೆಗಳು ಅಷ್ಟು ಬೇಗ ಬದಲಾಗಿಲ್ಲ. ಇಂಥ ಮನೆಯಲ್ಲಿ ಎರಡನೇ ಮಾತ್ರೆ ಸೇರಿಸಿದರೆ ಅಡಗಿಸಬೇಕಾದ ಡಬ್ಬಿ ಇನ್ನೊಂದು ಆಗುತ್ತದೆ. ಡಾಕ್ಟರ ಮುಂದೆ ಒಂಟಿಯಾಗಿ ಕೂತು ಇದನ್ನು ಹೇಳಲು ಅವಕಾಶ ಮಾಡಿಕೊಡಿ. ದಿನಕ್ಕೆ ಒಂದೇ ಸಲ ನುಂಗುವ ಮಾತ್ರೆ ಕೆಲವು ಇವೆ, ಅವರು ಅದನ್ನು ಯೋಚಿಸಬಹುದು.

ನಿದ್ದೆ ಇನ್ನೊಂದು. ಶಿವರಾತ್ರಿ ಜಾಗರಣೆ, ರಾತ್ರಿ ಬಸ್ಸಿನ ಪ್ರಯಾಣ, ನೈಟ್ ಶಿಫ್ಟ್, ಮದುವೆ ಮನೆಯ ಓಡಾಟ. ತಮ್ಮನ ಹಳೆಯ ಕ್ಯಾಲೆಂಡರ್‌ಗಳಲ್ಲಿ ಫಿಟ್ಸ್ ಬಂದ ದಿನಕ್ಕೆ ಅಮ್ಮ ಸುತ್ತು ಹಾಕಿಟ್ಟಿದ್ದರು. ನಾನು ಕೂತು ನೋಡಿದಾಗ ಅರ್ಧಕ್ಕರ್ಧ ಸುತ್ತು ನಿದ್ದೆಗೆಟ್ಟ ರಾತ್ರಿಯ ಮರುದಿನವೇ ಇತ್ತು. ಕುಡಿತ ಇದ್ದರೆ ಅದನ್ನೂ ಹೇಳಿ. ಕುಡಿದ ಮರುದಿನ ಅಮಲು ಇಳಿಯುವಾಗಲೂ ಫಿಟ್ಸ್ ಬರುತ್ತದೆ.

ತಲೆಸ್ನಾನದ ಹೊತ್ತಿಗೇ ಬರುತ್ತಿದೆಯಾ ಅಂತಲೂ ಗಮನಿಸಿ. ತಲೆಗೆ ಬಿಸಿಬಿಸಿ ನೀರು ಹೊಯ್ದುಕೊಂಡಾಗ ಬರುವ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಜಾಸ್ತಿ ಕಂಡುಬಂದಿದೆ. ನಿಮ್ಹಾನ್ಸ್‌ನವರು ಅದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಬರೀ ಆ ಹೊತ್ತಿಗೆ ಬರುವವರಿಗೆ ಉಗುರುಬೆಚ್ಚಗಿನ ನೀರು, ಅದು ಸಾಲದಿದ್ದರೆ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಮಾತ್ರ ಕ್ಲೊಬಜಮ್ ಅನ್ನುವ ಮಾತ್ರೆ, ಇಷ್ಟರಲ್ಲೇ ಹಲವರಿಗೆ ನಿಲ್ಲುತ್ತದೆ. ದಿನವೂ ಎರಡನೇ ಮಾತ್ರೆ ಬೇಕಾಗುವುದೇ ಇಲ್ಲ.

ಇದು ನಿಜವಾಗಿ ಫಿಟ್ಸೇನಾ, ಫಿಟ್ಸ್ ಆದರೆ ಫೋಕಲ್ ಹೌದಾ, ಅದೂ ಖಾತ್ರಿಯಾಗಬೇಕು. ತಲೆಸುತ್ತಿ ಬೀಳುವುದು, ಮನಸ್ಸಿನ ಒತ್ತಡದಿಂದ ಬರುವ ಫಿಟ್ಸಿನಂಥದ್ದು, ಇವಕ್ಕೆ ಎಷ್ಟು ಮಾತ್ರೆ ಸೇರಿಸಿದರೂ ಪ್ರಯೋಜನವಿಲ್ಲ. ಬೆಳಗ್ಗೆ ಎದ್ದಾಗ ಕೈ ಬೆಚ್ಚಿ ಲೋಟ ಹಾರಿಹೋಗುವಂಥ ಇನ್ನೊಂದು ಜಾತಿಯ ಎಪಿಲೆಪ್ಸಿಗೆ ಕಾರ್ಬಮಜೆಪಿನ್ ಕೊಟ್ಟರೆ ಹೆಚ್ಚಾಗುವುದೂ ಉಂಟು. ಆದ್ದರಿಂದ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಕಣ್ಣು ತೆರೆದಿದೆಯಾ, ಮುಖ ಯಾವ ಕಡೆ ತಿರುಗಿತು, ಯಾವ ಕೈ ಸೆಟೆಯಿತು, ಇಷ್ಟು ಕಾಣುವಂತೆ. ಒಬ್ಬರು ಪಕ್ಕದಲ್ಲಿದ್ದು ನೋಡಿಕೊಳ್ಳಲಿ, ಇನ್ನೊಬ್ಬರು ತೆಗೆಯಲಿ. ನಾನು ಹತ್ತು ನಿಮಿಷ ಬಾಯಲ್ಲಿ ಹೇಳಿದ್ದಕ್ಕಿಂತ ನಲವತ್ತು ಸೆಕೆಂಡಿನ ವಿಡಿಯೊದಿಂದ ಡಾಕ್ಟರಿಗೆ ಜಾಸ್ತಿ ತಿಳಿಯಿತು.

ಸೇರಿಸುವುದೋ ಬದಲಿಸುವುದೋ

ಇದನ್ನು ಕೇಳಿಯೇ ತಿಳಿದುಕೊಳ್ಳಿ: "ಸರ್, ಇದು ಹಳೆಯದರ ಜೊತೆಗಾ, ಹಳೆಯದರ ಬದಲಿಗಾ?" ಮೊದಲ ಮಾತ್ರೆಯಿಂದ ಸ್ವಲ್ಪವಾದರೂ ಕಡಿಮೆಯಾಗಿದೆ, ಒಗ್ಗಿಯೂ ಇದೆ ಅಂದರೆ ಸಾಮಾನ್ಯವಾಗಿ ಅದನ್ನು ಉಳಿಸಿಕೊಂಡು ಇನ್ನೊಂದನ್ನು ಸೇರಿಸುತ್ತಾರೆ. ಏನೂ ಪ್ರಯೋಜನ ಆಗಲಿಲ್ಲ, ಇಲ್ಲವೇ ಒಗ್ಗಲಿಲ್ಲ ಅಂದರೆ ಬದಲಿಸುತ್ತಾರೆ. ಬದಲಿಸುವಾಗಲೂ ಕೆಲವು ವಾರ ಎರಡೂ ಜೊತೆಗೇ ನಡೆಯುತ್ತವೆ. ಹೊಸದು ಒಂದು ಮಟ್ಟಕ್ಕೆ ಬಂದ ಮೇಲೆ ಹಳೆಯದನ್ನು ನಿಧಾನವಾಗಿ ಇಳಿಸುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಹೊಸ ಸ್ಟ್ರಿಪ್ ಬಂದ ದಿನವೇ ಹಳೆಯದನ್ನು ಬಿಟ್ಟು, ಒಂದರ ಮೇಲೊಂದು ಫಿಟ್ಸ್ ಬಂದು ಆಸ್ಪತ್ರೆ ಸೇರುತ್ತಾರೆ.

ಎಷ್ಟು ಆಸೆ ಇಟ್ಟುಕೊಳ್ಳಬಹುದು? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1,795 ರೋಗಿಗಳನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. ಫೋಕಲ್ ಮಾತ್ರವಲ್ಲ, ಎಲ್ಲ ಥರದ ಎಪಿಲೆಪ್ಸಿಯವರೂ ಅದರಲ್ಲಿದ್ದರು. ಮೊದಲ ಮಾತ್ರೆಯಲ್ಲೇ ಫಿಟ್ಸ್ ಪೂರ್ತಿ ನಿಂತವರು ನೂರಕ್ಕೆ ಸುಮಾರು 46 ಜನ. ಎರಡನೆಯದರಿಂದ ಇನ್ನೂ 12, ಮೂರನೆಯದರಿಂದ ಇನ್ನೂ 4. ಒಟ್ಟಾರೆ ನೂರಕ್ಕೆ 64. ನೋಡಿ ಎದೆಗುಂದಬೇಡಿ. ಪೂರ್ತಿ ನಿಲ್ಲದಿದ್ದರೂ ತಿಂಗಳಿಗೆ ನಾಲ್ಕು ಬರುವುದು ಒಂದಕ್ಕೆ ಇಳಿದರೆ, ಬೀಳುವ ಥರದ್ದು ನಿಂತರೆ, ಮನೆಯೇ ಬೇರೆಯಾಗುತ್ತದೆ. ಆದರೆ ಆ 12, 4 ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಯಾವ ಮಾತ್ರೆ, ಏನು ಗಮನಿಸಬೇಕು

ಡಾಕ್ಟರು ಸಾಮಾನ್ಯವಾಗಿ ಹಳೆಯದು ಕೆಲಸ ಮಾಡುವ ದಾರಿಗಿಂತ ಬೇರೆ ದಾರಿಯದ್ದನ್ನು ಹುಡುಕುತ್ತಾರೆ. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಲ್ಯಾಕೊಸಮೈಡ್ ಇವೆಲ್ಲ ನರಕೋಶದ ಸೋಡಿಯಂ ಬಾಗಿಲನ್ನು ಹಿಡಿಯುವಂಥವು. ಲೆವೆಟಿರಾಸಿಟಮ್, ಬ್ರಿವರಾಸಿಟಮ್ ಇನ್ನೊಂದು ದಾರಿ, ಎರಡೂ ಒಂದೇ ಜಾಗಕ್ಕೆ ಅಂಟುವುದರಿಂದ ಇವೆರಡನ್ನು ಜೊತೆಗೆ ಕೊಟ್ಟರೆ ಹೆಚ್ಚಿನ ಲಾಭ ಇಲ್ಲ. ಕ್ಲೊಬಜಮ್, ಫಿನೋಬಾರ್ಬಿಟೋನ್ ಮೆದುಳನ್ನು ಶಾಂತ ಮಾಡುವ ಗಾಬಾ ದಾರಿ. ಪೆರಾಂಪನೆಲ್‌ದು ಮತ್ತೊಂದು. ಟೋಪಿರಮೇಟ್, ಝೋನಿಸಮೈಡ್ ಒಂದಕ್ಕಿಂತ ಹೆಚ್ಚು ಕಡೆ ಕೈ ಹಾಕುತ್ತವೆ. ಇದರ ಜೊತೆಗೆ ವಯಸ್ಸು, ಲಿವರ್, ಕಿಡ್ನಿ, ಹೃದಯ, ತೂಕ, ಮನಸ್ಸಿನ ಸ್ಥಿತಿ, ಬೆಲೆ, ಮಗು ಬೇಕೆಂಬ ಯೋಚನೆ ಇದೆಯಾ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಡಾಕ್ಟರು ಕೇಳದಿದ್ದರೆ ನೀವೇ ಹೇಳಿ.

ಲೆವೆಟಿರಾಸಿಟಮ್ ಅನ್ನು ತುಂಬಾ ಜನಕ್ಕೆ ಬರೆಯುತ್ತಾರೆ. ಬೇರೆ ಮಾತ್ರೆಗಳ ತಂಟೆಗೆ ಹೋಗುವುದಿಲ್ಲ, ಬೇಗ ಏರಿಸಬಹುದು, ಹೆಚ್ಚಿನವರಿಗೆ ಒಗ್ಗುತ್ತದೆ. ಆದರೆ ಸಿಟ್ಟು. ತಮ್ಮನಿಗೆ ಮೊದಲು ಸೇರಿಸಿದ್ದು ಇದನ್ನೇ. ಅವನು ಯಾರಿಗೂ ಎದುರುತ್ತರ ಕೊಟ್ಟವನಲ್ಲ. ಮೂರನೇ ವಾರದಲ್ಲಿ ಸಾರಿಗೆ ಉಪ್ಪು ಕಡಿಮೆ ಅಂತ ತಟ್ಟೆ ಎಸೆದ. ಅಮ್ಮ ಯಾರದೋ ಕಣ್ಣು ಬಿದ್ದಿದೆ ಅಂದರು, ಅಪ್ಪ ಸೊಕ್ಕು ಅಂದರು, ಅವನು ಕೋಣೆಯ ಬಾಗಿಲು ಹಾಕಿಕೊಂಡು ಅತ್ತ. ಅದು ಮಾತ್ರೆಯದು ಅಂತ ನಮಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು, ಆ ಎರಡು ತಿಂಗಳು ಅವನನ್ನು ಎಲ್ಲರೂ ಬೈದೆವು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ. ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಡಿ: ಹೊಸ ಮಾತ್ರೆ ಶುರುವಾಗಿದೆ, ಸ್ವಭಾವ ಬದಲಾದಂತೆ ಕಂಡರೆ ಬೈಯಬೇಡಿ, ಬರೆದಿಡಿ, ಡಾಕ್ಟರಿಗೆ ಹೇಳಿ. ಪೆರಾಂಪನೆಲ್‌ನಲ್ಲೂ ಹೀಗೇ ಸಿಟ್ಟು ಬರಬಹುದು. ಫಿಟ್ಸ್ ಮಾತ್ರೆಗಳಲ್ಲಿ ಬದುಕು ಬೇಡ ಅನ್ನುವ ಯೋಚನೆ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಎಚ್ಚರಿಕೆ ಕೊಟ್ಟಿದೆ. ಅಂಥ ಮಾತು ಬಾಯಿಗೆ ಬಂದರೆ ಆವತ್ತೇ ಡಾಕ್ಟರಿಗೆ ತಿಳಿಸಿ, ಜೊತೆಗೆ ಯಾರಾದರೂ ಇರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ.

ಲ್ಯಾಮೊಟ್ರಿಜಿನ್ ಮನಸ್ಸಿಗೆ ಹಗುರ, ಆದರೆ ಚರ್ಮದ ಅಪಾಯ ಇದೆ. ಅದಕ್ಕೇ ತುಂಬಾ ನಿಧಾನ ಏರಿಸುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 25 ಮಿಲಿಗ್ರಾಂ ಎರಡು ವಾರ, ಆಮೇಲೆ 50 ಎರಡು ವಾರ. ಜೊತೆಗೆ ವಾಲ್‌ಪ್ರೊಯೇಟ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ ಇದ್ದರೆ ಅದು ಲ್ಯಾಮೊಟ್ರಿಜಿನ್ ಮೈಯಿಂದ ಹೋಗದಂತೆ ತಡೆಯುವುದರಿಂದ, 25 ಅನ್ನು ದಿನ ಬಿಟ್ಟು ದಿನ ಶುರು ಮಾಡುತ್ತಾರೆ. ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ಇದ್ದು ವಾಲ್‌ಪ್ರೊಯೇಟ್ ಇಲ್ಲದಿದ್ದರೆ ಉಲ್ಟಾ, ಬೇಗ ಹೊರಹೋಗುವುದರಿಂದ ದಿನಕ್ಕೆ 50ರಿಂದ ಶುರು. ಒಂದೇ ಮಾತ್ರೆಗೆ ಮೂರು ಲೆಕ್ಕ, ಅಲ್ವಾ? ಪಕ್ಕದ ಮನೆಯವರ ಚೀಟಿ ನೋಡಿ ಹೋಲಿಸಬಾರದು ಅನ್ನುವುದು ಇದಕ್ಕೇ. ಮೊದಲ ಎರಡು ತಿಂಗಳಲ್ಲಿ ಮೈಮೇಲೆ ಗಂಧೆ ಎದ್ದರೆ ಮುಂದಿನ ಡೋಸ್ ನುಂಗುವ ಮುಂಚೆಯೇ ಡಾಕ್ಟರನ್ನು ಕೇಳಿ. ಜ್ವರ, ಬಾಯಿಹುಣ್ಣು, ಕಣ್ಣು ಕೆಂಪು, ಚರ್ಮ ಸುಲಿಯುವುದು ಜೊತೆಗಿದ್ದರೆ ನೇರ ಆಸ್ಪತ್ರೆಗೆ. ಐದು ದಿನ ಅಥವಾ ಜಾಸ್ತಿ ಮಾತ್ರೆ ತಪ್ಪಿಹೋದರೆ ನಿಲ್ಲಿಸಿದಲ್ಲಿಂದ ಮುಂದುವರಿಸಬೇಡಿ. ಡಾಕ್ಟರನ್ನು ಕೇಳಿ, ಮತ್ತೆ ಕೆಳಗಿನಿಂದ ಏರಿಸಬೇಕಾಗುತ್ತದೆ. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್ ಹೊಸದಾಗಿ ಸೇರಿಸಿದಾಗಲೂ ಚರ್ಮದ ಎಚ್ಚರ ಇಷ್ಟೇ ಇರಬೇಕು.

ಉಳಿದವನ್ನು ಬೇಗ ಹೇಳುತ್ತೇನೆ. ಲ್ಯಾಕೊಸಮೈಡ್ ಮುಂಚೆ ಇಸಿಜಿ ಮಾಡಿಸುವುದು ಒಳ್ಳೆಯದು, ಹೃದಯದ ಬಡಿತದಲ್ಲಿ ತೊಂದರೆ ಇದ್ದವರಿಗೆ ಮುಖ್ಯವಾಗಿ. ಕ್ಲೊಬಜಮ್‌ನಿಂದ ಮಂಪರು, ಕೆಲವರಿಗೆ ಕೆಲವು ತಿಂಗಳಲ್ಲಿ ಅದರ ಶಕ್ತಿ ಕುಂದುತ್ತದೆ, ಥಟ್ಟನೆ ಬಿಡುವಂತಿಲ್ಲ. ಟೋಪಿರಮೇಟ್‌ನಲ್ಲಿ ಬೆರಳು ಜುಮ್ಮೆನ್ನುತ್ತದೆ, ತೂಕ ಇಳಿಯುತ್ತದೆ, ಬಾಯಿಗೆ ಬರಬೇಕಾದ ಪದ ಸಿಗದೆ ಒದ್ದಾಡುವಂತಾಗುತ್ತದೆ. ಮೇಷ್ಟ್ರು, ವಕೀಲರು, ಮಾತಿನಿಂದಲೇ ದುಡಿಯುವವರು ಇದನ್ನು ಮೊದಲೇ ತಿಳಿದಿರಬೇಕು. ಟೋಪಿರಮೇಟ್‌ನಲ್ಲೂ ಝೋನಿಸಮೈಡ್‌ನಲ್ಲೂ ಕಿಡ್ನಿ ಕಲ್ಲಿನ ಭಯ ಇದೆ, ನೀರು ಚೆನ್ನಾಗಿ ಕುಡಿಯಿರಿ. ಬೆವರು ಕಡಿಮೆಯಾಗಬಹುದು, ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು ಡಾಕ್ಟರಿಗೆ ಅದನ್ನು ಹೇಳಿ. ಆಕ್ಸ್‌ಕಾರ್ಬಜೆಪಿನ್, ಕಾರ್ಬಮಜೆಪಿನ್ ರಕ್ತದ ಸೋಡಿಯಂ ಇಳಿಸಬಹುದು, ವಯಸ್ಸಾದವರಲ್ಲಿ ಜಾಸ್ತಿ, ಬಿಪಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವಂಥದ್ದು) ನುಂಗುತ್ತಿದ್ದರಂತೂ ರಕ್ತಪರೀಕ್ಷೆ ಮಾಡಿಸಲೇಬೇಕು.

ಏರಿಸುವ ವಾರಗಳು

ಗೋಡೆಯ ಕ್ಯಾಲೆಂಡರಿನಲ್ಲಿ ಡಾಕ್ಟರು ಹೇಳಿದ ಡೋಸನ್ನು ದಿನದಿನಕ್ಕೂ ಬರೆದುಬಿಡಿ. ಬೆಳಗ್ಗೆ ಎಷ್ಟು, ರಾತ್ರಿ ಎಷ್ಟು, ಹಳೆಯದು ಎಷ್ಟು, ಹೊಸದು ಎಷ್ಟು. ಚೀಟಿಯಲ್ಲಿ ಅರ್ಥವಾಗದ್ದನ್ನು ಕೋಣೆಯಿಂದ ಹೊರಬರುವ ಮುಂಚೆ ಕೇಳಿ. ಈ ವಾರಗಳಲ್ಲಿ ಬೇರೆ ಏನನ್ನೂ ಬದಲಿಸಬೇಡಿ: ಹೊಸ ಪಥ್ಯ, ನಾಟಿ ಔಷಧ, ಉಪವಾಸ ಯಾವುದೂ ಬೇಡ. ಏನಾದರೂ ಆದರೆ ಯಾವುದರಿಂದ ಆಯಿತು ಅಂತ ಗೊತ್ತಾಗಬೇಕು.

ಅಡ್ಡ ಪರಿಣಾಮ ಬಂದಾಗ ತಪ್ಪು ಹೊಸ ಮಾತ್ರೆಯದ್ದೇ ಅಂತ ಎಲ್ಲರಿಗೂ ಅನ್ನಿಸುತ್ತದೆ. ಯಾವಾಗಲೂ ಹಾಗಿರುವುದಿಲ್ಲ. ಲೆವೆಟಿರಾಸಿಟಮ್ ಇಳಿಸಿ ತಮ್ಮನಿಗೆ ಲ್ಯಾಕೊಸಮೈಡ್ ಶುರು ಮಾಡಿದರು, 50 ಮಿಲಿಗ್ರಾಂ ಎರಡು ಹೊತ್ತು. 100ಕ್ಕೆ ಏರಿಸಿದ ಮೇಲೆ ಮಾತ್ರೆ ನುಂಗಿದ ಒಂದೆರಡು ಗಂಟೆಗೆ ತಲೆ ತೇಲಿದ ಹಾಗೆ, ಒಂದು ದೀಪ ಎರಡಾಗಿ ಕಾಣುವುದು ಶುರುವಾಯಿತು. ಇದು ಆಗುವುದಿಲ್ಲ, ನಿಲ್ಲಿಸಿಬಿಡೋಣ ಅಂದುಕೊಂಡೆವು. ಡಾಕ್ಟರು ಲ್ಯಾಕೊಸಮೈಡ್ ಮುಟ್ಟಲಿಲ್ಲ, ಕಾರ್ಬಮಜೆಪಿನ್ ಅನ್ನು ದಿನಕ್ಕೆ 800ರಿಂದ 600ಕ್ಕೆ ತಂದರು. ಹತ್ತು ದಿನದಲ್ಲಿ ಸರಿಹೋಯಿತು. ಎರಡೂ ಸೋಡಿಯಂ ಬಾಗಿಲನ್ನೇ ಹಿಡಿಯುವುದರಿಂದ ಹೊರೆ ಒಂದೇ ಕಡೆ ಬಿದ್ದಿತ್ತು. "ಹೊಸದು ಒಗ್ಗುತ್ತಿಲ್ಲ, ಹಳೆಯದನ್ನು ಸ್ವಲ್ಪ ಇಳಿಸಿ ನೋಡಬಹುದಾ?" ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಫೆನಿಟಾಯಿನ್ ನಡೆಯುತ್ತಿರುವವರು ಒಂದು ವಿಷಯ ತಿಳಿದಿರಿ. ಅದರ ಡೋಸ್ ಒಂದು ಮಟ್ಟ ದಾಟಿದರೆ ಸ್ವಲ್ಪ ಏರಿಸಿದರೂ ರಕ್ತದಲ್ಲಿ ಬಹಳ ಏರುತ್ತದೆ. ಇನ್ನೊಂದು ಮಾತ್ರೆ ಸೇರಿದ ಮೇಲೆ ನಡಿಗೆ ತೂರಾಡಿದರೆ ಅದರ ಮಟ್ಟ ನೋಡಲು ರಕ್ತಪರೀಕ್ಷೆ ಕೇಳಿ.

ಹೆಣ್ಣುಮಕ್ಕಳಿಗೆ

ಮಗುವಾಗುವ ವಯಸ್ಸಿನವರಿಗೆ ಯಾರಾದರೂ ವಾಲ್‌ಪ್ರೊಯೇಟ್ ಸೇರಿಸಲು ಹೊರಟರೆ ಅಲ್ಲೇ ನಿಲ್ಲಿಸಿ ಕೇಳಿ. ಬಸಿರಿನಲ್ಲಿ ಅದನ್ನು ನುಂಗಿದರೆ ಹತ್ತರಲ್ಲಿ ಒಂದು ಮಗುವಿಗೆ ಹುಟ್ಟಿನ ಊನ, ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಕಲಿಕೆ, ಬೆಳವಣಿಗೆಯಲ್ಲಿ ತೊಂದರೆ. ಟೋಪಿರಮೇಟ್ ಕೂಡ ಬಸಿರಿಗೆ ಒಳ್ಳೆಯದಲ್ಲ. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್ ಹೋಲಿಕೆಯಲ್ಲಿ ಸುರಕ್ಷಿತ. ಆದರೆ ಬಸಿರಿನಲ್ಲಿ ಇವೆರಡರ ಮಟ್ಟವೂ ರಕ್ತದಲ್ಲಿ ಇಳಿಯುವುದರಿಂದ ಡೋಸ್ ಏರಿಸಬೇಕಾಗಬಹುದು. ಮಗು ಬೇಕು ಅನ್ನಿಸಿದ ದಿನವೇ ಡಾಕ್ಟರಿಗೆ ಹೇಳಿ, ಫೋಲಿಕ್ ಆಸಿಡ್ ಮೊದಲೇ ಶುರುವಾಗಲಿ. ಬಸಿರಾದದ್ದು ಗೊತ್ತಾದ ಗಾಬರಿಯಲ್ಲಿ ನೀವಾಗಿಯೇ ಮಾತ್ರೆ ಬಿಡಬೇಡಿ. ತಾಯಿ ಬಿದ್ದರೆ ಮಗುವಿಗೂ ಪೆಟ್ಟು.

ಗರ್ಭನಿರೋಧಕ ಮಾತ್ರೆಯ ವಿಷಯ ಎರಡು ಕಡೆಯಿಂದ ಬರುತ್ತದೆ. ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್ ಇದ್ದರೆ ಆ ಮಾತ್ರೆ ಕೈಕೊಡಬಹುದು. ಈಸ್ಟ್ರೊಜನ್ ಇರುವ ಮಾತ್ರೆಯಂತೂ ಲ್ಯಾಮೊಟ್ರಿಜಿನ್ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಶುರು ಮಾಡಿದ ತಿಂಗಳಲ್ಲೇ ಫಿಟ್ಸ್ ಜಾಸ್ತಿಯಾಗಬಹುದು. ಸ್ತ್ರೀರೋಗ ತಜ್ಞರಿಗೆ ಫಿಟ್ಸ್ ಚೀಟಿಯನ್ನೂ ತೋರಿಸಿ. ಮುಟ್ಟಿನ ದಿನಗಳನ್ನು ಡೈರಿಯಲ್ಲಿ ಗುರುತು ಮಾಡಿ, ಕೆಲವರಿಗೆ ಆ ಹೊತ್ತಿಗೇ ಫಿಟ್ಸ್ ಗುಂಪಾಗಿ ಬರುತ್ತದೆ.

ಬೇರೆ ಔಷಧಗಳು, ಮತ್ತೆ ಚಕ್ಕೋತ

ಎರಡು ಫಿಟ್ಸ್ ಮಾತ್ರೆ ಇರುವ ಮೈಗೆ ಮೂರನೇ ಯಾವ ಔಷಧ ಬಂದರೂ ವಿಚಾರಿಸಿ. ಕೆಮ್ಮು ಜ್ವರಕ್ಕೆ ಬರೆಯುವ ಕ್ಲಾರಿತ್ರೊಮೈಸಿನ್, ಎರಿತ್ರೊಮೈಸಿನ್ ಕಾರ್ಬಮಜೆಪಿನ್ ಮಟ್ಟವನ್ನು ಏರಿಸಿಬಿಡುತ್ತವೆ. ಸಿಪ್ರೊಫ್ಲಾಕ್ಸಾಸಿನ್, ನೋವಿಗೆ ಕೊಡುವ ಟ್ರಮಡಾಲ್ ಫಿಟ್ಸ್ ಬರಿಸಬಹುದು. ಕ್ಷಯಕ್ಕೆ ಚಿಕಿತ್ಸೆ ಶುರುವಾದರೆ ನ್ಯೂರಾಲಜಿಸ್ಟ್‌ಗೆ ಹೇಳಲೇಬೇಕು: ಐಸೊನಯಾಜಿಡ್ ಕೆಲವು ಫಿಟ್ಸ್ ಮಾತ್ರೆಗಳನ್ನು ಏರಿಸುತ್ತದೆ, ರಿಫಾಂಪಿಸಿನ್ ಇಳಿಸುತ್ತದೆ. ಮೆಡಿಕಲ್ ಶಾಪಿನವರು ಸುಮ್ನೆ ಕೊಟ್ಟದ್ದನ್ನು ನುಂಗುವ ಅಭ್ಯಾಸ ಬಿಡಿ. ಮಾತ್ರೆಗಳ ಹೆಸರು, ಡೋಸ್ ಬರೆದ ಕಾಗದದ ಫೋಟೊ ಮೊಬೈಲಿನಲ್ಲಿರಲಿ.

ಗ್ರೇಪ್‌ಫ್ರೂಟ್ ರಸ ಕಾರ್ಬಮಜೆಪಿನ್ ಮಟ್ಟವನ್ನು ಏರಿಸುತ್ತದೆ. ನಮ್ಮ ದೇವನಹಳ್ಳಿ ಚಕ್ಕೋತ ಅದೇ ಬಳಗದ ಹಣ್ಣು. ಆ ಮಾತ್ರೆ ನುಂಗುವವರು ಚಕ್ಕೋತದಿಂದ ದೂರ ಇದ್ದರೆ ವಾಸಿ. ತಮ್ಮನಿಗೆ ತುಂಬಾ ಇಷ್ಟ, ಬಿಟ್ಟಿದ್ದಾನೆ.

ಕೆಲಸ ಮಾಡಿತಾ ಅಂತ ಅಳೆಯುವುದು

ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ಯಾವ ಥರ, ಎಷ್ಟು ನಿಮಿಷ, ಹಿಂದಿನ ರಾತ್ರಿಯ ನಿದ್ದೆ, ಡೋಸ್ ತಪ್ಪಿತ್ತಾ. ಥರಗಳಿಗೆ ನೀವೇ ಹೆಸರಿಟ್ಟುಕೊಳ್ಳಿ. ನಮ್ಮದರಲ್ಲಿ "ಹೊಟ್ಟೆ", "ಗುಂಡಿ", "ಬಿದ್ದದ್ದು" ಅಂತ ಮೂರಿದೆ. "ಹೊಟ್ಟೆ" ಮಾತ್ರ ಆಗಿ ನಿಂತರೆ ಅವನಿಗೆ ಎಚ್ಚರ ಇರುತ್ತದೆ. ಬರೀ ಒಟ್ಟು ಲೆಕ್ಕ ಬರೆದಿದ್ದರೆ ಲ್ಯಾಕೊಸಮೈಡ್ ಏನೂ ಮಾಡಿಲ್ಲ ಅಂತ ಕಾಣುತ್ತಿತ್ತು. ಥರ ಬೇರೆ ಮಾಡಿ ನೋಡಿದಾಗ "ಗುಂಡಿ" ತಿಂಗಳಿಗೆ ಮೂರರಿಂದ ಎರಡು ತಿಂಗಳಿಗೆ ಒಂದಕ್ಕೆ ಇಳಿದಿತ್ತು, "ಬಿದ್ದದ್ದು" ಒಂದೂ ಇರಲಿಲ್ಲ. ಡಾಕ್ಟರು ಆ ಪುಟವನ್ನು ಎರಡು ಸಲ ತಿರುವಿ ನೋಡಿದರು.

ಹೊಸ ಮಾತ್ರೆ ಶುರುವಾಗುವ ಮುಂಚಿನ ಎರಡು ಮೂರು ತಿಂಗಳ ಲೆಕ್ಕವೂ ಬೇಕು, ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ನಿಂತೇಹೋಯಿತು ಅನ್ನಲು ಮೂರರ ಲೆಕ್ಕ ಇದೆ. ಚಿಕಿತ್ಸೆ ಬದಲಿಸುವ ಮುಂಚಿನ ವರ್ಷದಲ್ಲಿ ಎರಡು ಫಿಟ್ಸ್ ನಡುವಿನ ಅತಿ ಉದ್ದದ ಅಂತರ ಎಷ್ಟಿತ್ತೋ ಅದರ ಮೂರು ಪಟ್ಟು, ಇಲ್ಲವೇ 12 ತಿಂಗಳು, ಯಾವುದು ದೊಡ್ಡದೋ ಅಷ್ಟು ಕಾಲ ಬರಬಾರದು. ಆರು ತಿಂಗಳಿಗೊಮ್ಮೆ ಬರುವವರು ಒಂದೂವರೆ ವರ್ಷ ಕಾಯಬೇಕು. ಎರಡು ತಿಂಗಳು ಬರಲಿಲ್ಲ ಅಂತ ಹರಕೆ ತೀರಿಸಿ ಮಾತ್ರೆ ಬಿಟ್ಟವರು ನಮ್ಮ ನೆಂಟರಲ್ಲೇ ಇದ್ದಾರೆ, ಮತ್ತೆ ಬಂತು.

ಮಾತ್ರೆ ಮುಗಿಯುವುದಕ್ಕೆ ಒಂದು ವಾರ ಮುಂಚೆ ತಂದಿಡಿ. ಕಂಪನಿ ಬದಲಾದರೆ ಮಿಲಿಗ್ರಾಂ, ಮತ್ತೆ ನಿಧಾನವಾಗಿ ಕರಗುವ ಥರದ್ದೇನಾ ಅನ್ನುವುದನ್ನು ಓದಿ ನೋಡಿ, ಸಾಧ್ಯವಾದಷ್ಟು ಒಂದೇ ಕಂಪನಿಯದ್ದು ಇರಲಿ. ಬೆಲೆ ಭಾರವಾದರೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಲೆವೆಟಿರಾಸಿಟಮ್‌ನಂಥವು ಅಲ್ಲಿ ಕಡಿಮೆಗೆ ಸಿಗುತ್ತವೆ. ಬ್ರಿವರಾಸಿಟಮ್ ಕೂಡ 2021ರಲ್ಲಿ ಪೇಟೆಂಟ್ ಮುಗಿದ ಮೇಲೆ ಅಗ್ಗವಾಗಿದೆ. ಹಣವಿಲ್ಲ ಅಂತ ಡೋಸ್ ಅರ್ಧ ಮಾಡುವ ಬದಲು ಡಾಕ್ಟರಿಗೆ ಹಾಗೇ ಹೇಳಿ, ಬೇರೆ ದಾರಿ ಇರುತ್ತದೆ.

ಎರಡೂ ಸೋತರೆ

ಸರಿಯಾಗಿ ಆರಿಸಿದ, ಸರಿಯಾದ ಡೋಸ್‌ನಲ್ಲಿ ಕೊಟ್ಟ ಎರಡು ಮಾತ್ರೆಗಳಲ್ಲೂ ಫಿಟ್ಸ್ ನಿಲ್ಲದಿದ್ದರೆ ಅದಕ್ಕೆ ಔಷಧಕ್ಕೆ ಬಗ್ಗದ ಎಪಿಲೆಪ್ಸಿ ಅನ್ನುತ್ತಾರೆ. ಅಂತರರಾಷ್ಟ್ರೀಯ ಎಪಿಲೆಪ್ಸಿ ಸಂಘಟನೆ 2010ರಲ್ಲಿ ಮಾಡಿದ ವ್ಯಾಖ್ಯೆ ಇದು. ಸಾಕಷ್ಟು ಡೋಸ್‌ಗೆ ಹೋಗುವ ಮುಂಚೆಯೇ ಒಗ್ಗದೆ ಬಿಟ್ಟ ಮಾತ್ರೆ ಈ ಲೆಕ್ಕಕ್ಕೆ ಸೇರುವುದಿಲ್ಲ. ತಮ್ಮನ ಲೆವೆಟಿರಾಸಿಟಮ್ ಸೇರಲಿಲ್ಲ.

ಆ 12, 4 ನೆನಪಿದೆಯಾ? ಎರಡು ಸೋತ ಮೇಲೆ ಮೂರನೆಯದು, ನಾಲ್ಕನೆಯದು ಅಂತ ವರ್ಷಗಟ್ಟಲೆ ಸೇರಿಸುತ್ತಾ ಹೋಗುವುದೊಂದೇ ದಾರಿ ಅಲ್ಲ. "ಆಪರೇಷನ್‌ಗೆ ಆಗುತ್ತದಾ ಅಂತ ಪರೀಕ್ಷೆ ಮಾಡಿಸಬಹುದಾ?" ಅಂತ ನೀವೇ ಕೇಳಬೇಕು. ಕೆನಡಾದಲ್ಲಿ ಕಿವಿಯ ಮೇಲಿನ ಭಾಗದ, ಅಂದರೆ ಟೆಂಪೊರಲ್ ಲೋಬ್‌ನ ಎಪಿಲೆಪ್ಸಿ ಇದ್ದ 80 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2001ರಲ್ಲಿ ಬಂತು. ಒಂದು ವರ್ಷದ ಹೊತ್ತಿಗೆ ಎಚ್ಚರ ತಪ್ಪುವ ಫಿಟ್ಸ್ ಇಲ್ಲದವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 58, ಬರೀ ಮಾತ್ರೆಯ ಗುಂಪಿನಲ್ಲಿ 8. ಎಲ್ಲರಿಗೂ ಆಪರೇಷನ್ ಆಗುವುದಿಲ್ಲ, ಆಗುತ್ತದಾ ಅಂತ ನೋಡುವುದಕ್ಕೇ ವಿಡಿಯೊ ಇಇಜಿ (ಮೆದುಳಿನ ವಿದ್ಯುತ್ ಅಲೆಯನ್ನೂ ಫಿಟ್ಸ್ ಬರುವುದನ್ನೂ ಒಟ್ಟಿಗೆ ದಾಖಲಿಸುವುದು), ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲ ಇದೆ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಈ ಕೆಲಸ ಬಹಳ ವರ್ಷದಿಂದ ನಡೆಯುತ್ತಿದೆ. ಎಂಆರ್‌ಐ ಬರೆಸುವಾಗ ಎಪಿಲೆಪ್ಸಿ ಪ್ರೋಟೊಕಾಲ್, ಅಂದರೆ ಫಿಟ್ಸಿನ ಕಾರಣ ಹುಡುಕಲೆಂದೇ ಸೂಕ್ಷ್ಮವಾಗಿ ತೆಗೆಯುವ ಕ್ರಮ, ಅಂತ ಬರೆಸಿ. ನಮ್ಮ ಊರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಾದಾ ಥರ ತೆಗೆದದ್ದರಲ್ಲಿ ನಾರ್ಮಲ್ ಅಂತ ಬಂದಿತ್ತು, ಐದು ವರ್ಷ ಅದನ್ನೇ ನಂಬಿದ್ದೆವು. ಪ್ರೋಟೊಕಾಲ್‌ನಲ್ಲಿ ತೆಗೆಸಿದಾಗ ಎಡಗಡೆಯ ಹಿಪೊಕ್ಯಾಂಪಸ್, ಅಂದರೆ ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗ, ಕುಗ್ಗಿರುವುದು ಕಾಣಿಸಿತು. ಈಗ ವಿಡಿಯೊ ಇಇಜಿಗೆ ಸರದಿಯಲ್ಲಿದ್ದೇವೆ.

ಮಾತ್ರೆ ಬದಲಾಗುತ್ತಿರುವ ವಾರಗಳಲ್ಲಿ

ಈ ವಾರಗಳಲ್ಲಿ ಫಿಟ್ಸ್ ಏರುಪೇರಾಗಬಹುದು. ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದು ಬೇಡ. ಬಾವಿಕಟ್ಟೆ, ಕೆರೆ, ಏಣಿ, ಒಲೆಯ ಹತ್ತಿರ ಒಬ್ಬರೇ ಬೇಡ. ಗಾಡಿ ಓಡಿಸುವುದಂತೂ ಬೇಡವೇ ಬೇಡ. ಲೈಸೆನ್ಸಿನ ಫಾರಂ 1ರಲ್ಲೇ ಮೂರ್ಛೆ ಇದೆಯಾ ಅಂತ ಕೇಳುತ್ತಾರೆ.

ಬಂದಾಗ ಕೈಗೆ ಕಬ್ಬಿಣ, ಕೀಲಿಕೈ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಇವ್ಯಾವುದೂ ಬೇಡ. ಮಗ್ಗುಲಿಗೆ ತಿರುಗಿಸಿ, ತಲೆ ಕೆಳಗೆ ಮೆತ್ತನೆಯದು ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಇನ್ನೊಂದು ಬಂದರೆ 108ಕ್ಕೆ ಫೋನ್ ಮಾಡಿ. ಮೂಗಿಗೆ ಹೊಡೆಯುವ ಮಿಡಜೊಲಮ್ ಸ್ಪ್ರೇ ಮನೆಯಲ್ಲಿಡಬೇಕಾ, ಎಷ್ಟು ಸಲ ಹೊಡೆಯಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ನಮ್ಮದು ಫ್ರಿಜ್ ಪಕ್ಕದ ಗೂಡಿನಲ್ಲಿದೆ, ಅಮ್ಮನಿಗೂ ಪಕ್ಕದ ಮನೆಯ ಅಕ್ಕನಿಗೂ ಹೊಡೆಯುವುದನ್ನು ತೋರಿಸಿಟ್ಟಿದ್ದೇನೆ, ಮುಗಿಯುವ ತಾರೀಖನ್ನು ಗೂಡಿನ ಬಾಗಿಲಿನ ಮೇಲೆ ದೊಡ್ಡದಾಗಿ ಬರೆದಿದ್ದೇನೆ.